ಹೆಬ್ಬೆಟ್ಟು ಸವೆದರೆ ಗುರುತೂ ಅಳಿಸಿಹೋಗುತ್ತದೆಯೇ?

ಚಿಕ್ಕಂದಿನಲ್ಲಿ ಬೆರಳ ತುದಿ ನೋಡಿಕೊಂಡು ಶಂಖ ಎಷ್ಟು, ಚಕ್ರ ಎಷ್ಟು ಎಂದು ಎಣಿಸದವರು ನಮ್ಮಲ್ಲಿ ಕಡಿಮೆ. ಹತ್ತೂ ಬೆರಳಲ್ಲಿ ಚಕ್ರವಿದ್ದರೆ ರಾಜಯೋಗ ಎನ್ನುತ್ತಿದ್ದ ಹಿರಿಯರ ಮಾತು ಈಗ ವಾಟ್ಸಾಪ್‌ನಲ್ಲಿ ವೇಷ ಬದಲಿಸಿಕೊಂಡು ತಿರುಗುತ್ತಿದೆ. ಮಗುವಿನ ಬೆರಳಚ್ಚು ಸ್ಕ್ಯಾನ್ ಮಾಡಿ, ಅದು ಡಾಕ್ಟರ್ ಆಗುತ್ತದೋ ಎಂಜಿನಿಯರ್ ಆಗುತ್ತದೋ ಹೇಳುತ್ತೇವೆ ಎನ್ನುವ ಜಾಹೀರಾತುಗಳಿವೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಇನ್ನೊಂದು ಮಾತೂ ಹರಿದಾಡುತ್ತಿದೆ: ಕೂಲಿ ಮಾಡಿ ಬೆರಳು ಸವೆದವರ ಗುರುತೇ ಬದಲಾಗುತ್ತದೆ, ಅವರ ರೇಷನ್ ನಿಲ್ಲುತ್ತದೆ. ಮೊದಲನೆಯದನ್ನು ನಂಬಿದರೆ ಒಂದಷ್ಟು ದುಡ್ಡು ಹೋಗುತ್ತದೆ. ಎರಡನೆಯದು ಅನ್ನದ ವಿಷಯ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ತೊಗರಿ ಕೊಯ್ಯುವ, ಹತ್ತಿ ಬಿಡಿಸುವ, ಕಬ್ಬು ಕಡಿಯುವ ಕೈಗಳು ಇಲ್ಲಿ ಹೆಚ್ಚು. ಅದೇ ಕೈಯ ಹೆಬ್ಬೆಟ್ಟು ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೂ ಬೀಳಬೇಕು, ಉಪನೋಂದಣಿ ಕಚೇರಿಯ ಹೊಲದ ಪತ್ರದ ಮೇಲೂ ಬೀಳಬೇಕು. ಹಾಗಾಗಿ ಬೆರಳಚ್ಚಿನಲ್ಲಿ ಗುರುತು ಎಲ್ಲಿರುತ್ತದೆ ಎಂಬುದನ್ನು ಸರಿಯಾಗಿ ತಿಳಿಯೋಣ.

ತಜ್ಞರು ಬೆರಳಚ್ಚಿನ ವಿನ್ಯಾಸವನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸುತ್ತಾರೆ. ಒಂದು ಬದಿಯಿಂದ ಬಂದ ಗೆರೆಗಳು ಬಾಗಿ ಅದೇ ಬದಿಗೆ ಮರಳಿದರೆ ಅದು ಕುಣಿಕೆ, ನಮ್ಮವರು ಶಂಖ ಎನ್ನುವುದು. ಗೆರೆಗಳು ಸುತ್ತು ಹಾಕಿಕೊಂಡಿದ್ದರೆ ಸುಳಿ, ಅಂದರೆ ಚಕ್ರ. ಒಂದು ಕಡೆಯಿಂದ ಹೊಕ್ಕು ನಡುವೆ ಸ್ವಲ್ಪ ಉಬ್ಬಿ ಇನ್ನೊಂದು ಕಡೆ ಹೊರಟುಹೋದರೆ ಕಮಾನು. ಸಾಮಾನ್ಯವಾಗಿ 100 ಬೆರಳುಗಳಲ್ಲಿ 60ರಿಂದ 65 ಕುಣಿಕೆ, 30ರಿಂದ 35 ಸುಳಿ, ಸುಮಾರು 5 ಕಮಾನು ಸಿಗುತ್ತವೆ. ಅಂದ ಮೇಲೆ ಕಳ್ಳತನವಾದ ಮನೆಯಲ್ಲಿ ಚಕ್ರದ ಗುರುತು ಸಿಕ್ಕಿತು ಎಂದರೆ ಅದರಿಂದ ಕಳ್ಳ ಸಿಗುವುದಿಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ಜನರ ಒಂದಲ್ಲ ಒಂದು ಬೆರಳಿನಲ್ಲಿ ಚಕ್ರ ಇರುತ್ತದೆ. ವಿನ್ಯಾಸ ಹೊಂದದಿದ್ದರೆ ಆ ಬೆರಳನ್ನು ಪಟ್ಟಿಯಿಂದ ಬಿಡಬಹುದು, ಅಷ್ಟೇ ಅದರ ಉಪಯೋಗ.

ಗುರುತು ಇರುವುದು ಗೆರೆಗಳ ಒಳವಿವರದಲ್ಲಿ. ಸ್ಟಾಂಪ್ ಪ್ಯಾಡಿನ ಮಸಿ ಹಚ್ಚಿ ಬಿಳಿ ಹಾಳೆಯ ಮೇಲೆ ಹೆಬ್ಬೆರಳು ಒತ್ತಿ, ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ. (ನೋಡಿ ಹಾಳೆ ಹರಿದುಹಾಕಿ, ಫೋಟೊ ಯಾರಿಗೂ ಕಳಿಸಬೇಡಿ, ಕಾರಣ ಮುಂದೆ ಬರುತ್ತದೆ.) ಉತ್ತ ಹೊಲದ ಸಾಲುಗಳಂತೆ ಕಾಣುವ ಗೆರೆಗಳಲ್ಲಿ ಒಂದು ನಡುವೆಯೇ ತಟ್ಟನೆ ನಿಂತಿರುತ್ತದೆ. ಇನ್ನೊಂದು ಕವಲೊಡೆದು ಎರಡಾಗಿರುತ್ತದೆ. ಕವಲೊಡೆದದ್ದು ಮತ್ತೆ ಕೂಡಿ ನಡುವೆ ಚಿಕ್ಕ ಕೆರೆಯಂಥ ಜಾಗ ಬಿಟ್ಟಿರಬಹುದು. ಎರಡು ಗೆರೆಗಳ ನಡುವೆ ಒಂದು ತುಂಡು ಗೆರೆ, ಅಥವಾ ಬರೀ ಚುಕ್ಕಿ ಇರಬಹುದು. ಪೂರ್ತಿ ಹೊರಳಿಸಿ ತೆಗೆದ ಒಂದು ಬೆರಳಚ್ಚಿನಲ್ಲಿ ಇಂಥವು ನೂರರ ಆಸುಪಾಸು ಸಿಗುತ್ತವೆ. ಯಾವ ಬಗೆಯದು, ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ, ಪಕ್ಕದ ಕವಲಿಗೂ ಅದಕ್ಕೂ ನಡುವೆ ಎಷ್ಟು ಗೆರೆಗಳಿವೆ ಎಂದು ತಜ್ಞರು ಒಂದೊಂದಾಗಿ ಎಣಿಸಿ ಹೋಲಿಸುತ್ತಾರೆ. ಒಂದೇ ರೂಪದ ಅವಳಿಗಳಲ್ಲೂ ಈ ಜೋಡಣೆ ಬೇರೆಯಾಗಿರುತ್ತದೆ.

ಈ ವಿದ್ಯೆಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರುಪತ್ರದ ಹಿಂಬದಿಗೆ ಒತ್ತಿಸಿಕೊಂಡರು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕೇಂದ್ರ ಶುರುವಾಯಿತು. ಹತ್ತು ಬೆರಳಿನ ಚೀಟಿಗಳನ್ನು, ಯಾವ ಬೆರಳಲ್ಲಿ ಸುಳಿಯಿದೆ ಎಂಬ ಲೆಕ್ಕದ ಮೇಲೆ, 1024 ಗುಂಪುಗಳಾಗಿ ವಿಂಗಡಿಸುವ ಕ್ರಮಕ್ಕೆ ಹೆನ್ರಿ ಪದ್ಧತಿ ಎಂದು ಹೆಸರು. ಅದಕ್ಕೆ ತಲೆ ಖರ್ಚು ಮಾಡಿದವರಲ್ಲಿ ಅಲ್ಲಿನ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇದ್ದರು. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯವರದಾಯಿತು.

ಈಗ ಸವೆದ ಬೆರಳಿನ ಪ್ರಶ್ನೆ. ತಾಯಿಯ ಹೊಟ್ಟೆಯಲ್ಲಿ ಸುಮಾರು 10ನೇ ವಾರದಿಂದ ಈ ಗೆರೆಗಳು ಮೂಡತೊಡಗಿ, ಆರನೇ ತಿಂಗಳ ಹೊತ್ತಿಗೆ ನೆಲೆಯಾಗುತ್ತವೆ. ಅವುಗಳ ಅಚ್ಚು ಇರುವುದು ಹೊರಚರ್ಮದ ತಳಪದರದಲ್ಲಿ. ಮೇಲಿನ ಪದರ ಸವೆದರೂ ಒಳಗಿನ ಅಚ್ಚಿನಿಂದ ಅದೇ ಗೆರೆ, ಅದೇ ಕವಲು ಮತ್ತೆ ಮೇಲೆ ಬರುತ್ತವೆ. ಕುಡುಗೋಲು ತಾಗಿ ಆಳವಾಗಿ ಕೊಯ್ದರೆ ಮಾತ್ರ ಕಲೆ ಉಳಿಯುತ್ತದೆ. ಆ ಕಲೆಯೂ ಮುಂದೆ ಗುರುತಿನ ಭಾಗವೇ. ಆದ್ದರಿಂದ ದುಡಿದ ಕೈಯ ಗುರುತು ಬದಲಾಗುವುದಿಲ್ಲ. ಗೆರೆಯ ಎತ್ತರ ಕಡಿಮೆಯಾಗಿ, ಚರ್ಮ ಒಣಗಿ, ಸಿಮೆಂಟು ಸುಣ್ಣ ತಾಗಿ, ವಯಸ್ಸಾಗಿ, ಯಂತ್ರಕ್ಕೆ ಓದಲು ಆಗುವುದಿಲ್ಲ. ಓದಲಾಗದ್ದು ಯಂತ್ರದ ಸೋಲು. ಅದನ್ನು 'ನೀನು ನೀನಲ್ಲ' ಎಂಬಂತೆ ಹೇಳಿ ಮುದುಕರನ್ನು ಅಂಗಡಿಯಿಂದ ವಾಪಸು ಕಳಿಸುವುದು ತಪ್ಪು ಎಂದೇ ನಾವು ಹೇಳುತ್ತೇವೆ.

ಕೈ ತೊಳೆದು ಒರೆಸಿಕೊಂಡು, ಚರ್ಮ ತೀರಾ ಒಣಗಿದ್ದರೆ ಸ್ವಲ್ಪ ತೇವ ಮಾಡಿಕೊಂಡು, ಬೇರೆ ಬೆರಳುಗಳನ್ನೂ ಇಟ್ಟು ನೋಡಿ. ಉಂಗುರದ ಬೆರಳು ಕೆಲಸದಲ್ಲಿ ಕಡಿಮೆ ಸವೆದಿರಬಹುದು. ಬೆರಳು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಅಂಗಡಿಯವರು ಒಪ್ಪದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಬರವಣಿಗೆಯಲ್ಲಿ ದೂರು ಕೊಡಿ.

ಹೊಲದ ವ್ಯಾಜ್ಯದ ಮಾತೂ ಇದೇ. 'ಇದು ನಮ್ಮಪ್ಪನ ಹೆಬ್ಬೆಟ್ಟಲ್ಲ' ಎಂದು ಮಕ್ಕಳು ಕೋರ್ಟಿಗೆ ಹೋದಾಗ, ಆ ಪತ್ರದ ಗುರುತನ್ನು ತಕರಾರಿಲ್ಲದ ಇನ್ನೊಂದು ಗುರುತಿನ ಜೊತೆ ಹೋಲಿಸಲು ತಜ್ಞರಿಗೆ ಕಳಿಸಬಹುದು. ಪತ್ರ ಹಳೆಯದಾದರೂ ಅಡ್ಡಿಯಿಲ್ಲ. ಅಡ್ಡಿಯಾಗುವುದು ಮಸಿ: ಹೆಚ್ಚು ಮಸಿ ಹಚ್ಚಿ ಒತ್ತಿದರೆ ಸಾಲುಗಳ ನಡುವಿನ ಬಿಳಿ ಜಾಗ ಮುಚ್ಚಿ, ಕವಲು ಯಾವುದು ಕೊನೆ ಯಾವುದು ತಿಳಿಯದೆ ಹೋಗುತ್ತದೆ. ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ತೆಳುವಾಗಿ ಮಸಿ ಹಚ್ಚಿ, ಜಾರಿಸದೆ ಒತ್ತಿ.

ಕಂಪ್ಯೂಟರ್ ಹೇಳಿದ್ದೇ ಕೊನೆಯಲ್ಲ. 2022ರಲ್ಲಿ ಆರಂಭವಾದ ನಾಫಿಸ್ ಎಂಬ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಂಥವು ಹೋಲುವ ಗುರುತುಗಳನ್ನು ಹುಡುಕಿಕೊಡುತ್ತವೆ, ತೀರ್ಮಾನಿಸಬೇಕಾದವರು ತಜ್ಞರು. ಅವರೂ ತಪ್ಪುತ್ತಾರೆ. 2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ಸಿಕ್ಕ ಗುರುತು ಅಮೆರಿಕದ ಒರೆಗಾನ್‌ನ ವಕೀಲರೊಬ್ಬರದು ಎಂದು ಎಫ್‌ಬಿಐ ತಜ್ಞರು ಹೇಳಿ, ಅವರನ್ನು ಸುಮಾರು ಎರಡು ವಾರ ಬಂಧನದಲ್ಲಿ ಇಟ್ಟಿದ್ದರು. ಅದು ಅಲ್ಜೀರಿಯಾದ ಬೇರೊಬ್ಬನದು ಎಂದು ತೋರಿಸಿದವರು ಸ್ಪೇನ್ ಪೊಲೀಸರು.

ಇನ್ನು ಆ ಫೋಟೊ ಯಾಕೆ ಕಳಿಸಬಾರದು ಎಂದರೆ, ಕಾಗದದ ಮೇಲಿನ ಗುರುತಿನಿಂದ ರಬ್ಬರಿನಂಥ ನಕಲಿ ಬೆರಳು ಮಾಡಬಹುದು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಒಟಿಪಿ ಇಲ್ಲದೆ ಹಣ ತೆಗೆಯುವ ವ್ಯವಸ್ಥೆ ಇದೆ. 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಪತ್ರಗಳಿಂದ ಬೆರಳಚ್ಚು ಕದ್ದು ಹೀಗೆ ಹಣ ತೆಗೆದ ದೂರುಗಳು ಬಂದ ಮೇಲೆ, ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಮರೆಮಾಡಲು ಸರ್ಕಾರ ಮುಂದಾಯಿತು. ಆದರೆ ಕೈಬದಲಾದ ಹಳೆಯ ಜೆರಾಕ್ಸ್‌ಗಳಲ್ಲಿ ಗುರುತು ಹಾಗೇ ಇದೆ.

ಆಧಾರ್ ಆ್ಯಪ್‌ನಲ್ಲಿ ಅಥವಾ ಪ್ರಾಧಿಕಾರದ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಮಾಹಿತಿಗೆ 1947ಕ್ಕೆ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮನೆಯಲ್ಲಿ ಅಪ್ಪ ಅಮ್ಮನ ಆಧಾರ್ ಲಾಕ್ ಮಾಡಿಕೊಟ್ಟವರು, ರೇಷನ್ ತರಲು ಹೋಗುವ ದಿನ ನೆನಪಿಟ್ಟು ಅದನ್ನು ತೆಗೆದುಕೊಡಬೇಕು. ಇಲ್ಲದಿದ್ದರೆ ಚೆನ್ನಾಗಿರುವ ಬೆರಳನ್ನೂ ಯಂತ್ರ ಒಪ್ಪುವುದಿಲ್ಲ.