ಸಮಗ್ರದೃಷ್ಟಿಯಲ್ಲಿ ಅಂಗದ ಸ್ಥಾನ

ಇಡಿಯು ತನ್ನ ಬಿಡಿಭಾಗಗಳ ಮೊತ್ತಕ್ಕಿಂತ ಮಿಗಿಲಾದುದೆಂಬ ಮಾತು ಇಂದು ವೈದ್ಯ, ಶಿಕ್ಷಣ, ಕೃಷಿ ಮೊದಲಾದ ಎಲ್ಲೆಡೆಯೂ ಕೇಳಿಬರುತ್ತಿದೆ. ಇದನ್ನು ಪಿಂಡ-ಬ್ರಹ್ಮಾಂಡ ವಿಚಾರದೊಡನೆ ಥಟ್ಟನೆ ಸಮೀಕರಿಸಿ ಹರ್ಷಿಸುವವರು ನಮ್ಮಲ್ಲುಂಟು. ಅದಕ್ಕೆ ಮುನ್ನ ಈ ವಿಚಾರವು ಪಾಶ್ಚಾತ್ಯರಲ್ಲಿ ಬೆಳೆದುಬಂದ ಬಗೆಯನ್ನು ಅರಿಯುವುದು ಉಚಿತ.

1891ರಲ್ಲಿ ಜರ್ಮನಿಯ ಜೀವವಿಜ್ಞಾನಿ ಹಾನ್ಸ್ ಡ್ರೀಶ್, ಸಮುದ್ರತಳದಲ್ಲಿ ವಾಸಿಸುವ, ಮೈತುಂಬ ಮುಳ್ಳುಳ್ಳ ಪುಟ್ಟ ಜೀವಿಯೊಂದರ ಭ್ರೂಣವನ್ನು ಪರೀಕ್ಷಿಸಿದರು. ಭ್ರೂಣವು ಎರಡು ಕೋಶಗಳಾಗಿ ಒಡೆದಿದ್ದಾಗಲೇ ಅವನ್ನು ಬೇರ್ಪಡಿಸಿದರು. ದೇಹವು ಕೇವಲ ಯಂತ್ರವಾಗಿದ್ದಲ್ಲಿ ಅರ್ಧದಿಂದ ಅರ್ಧವೇ ಹುಟ್ಟಬೇಕಾಗಿತ್ತು. ಆದರೆ ಪ್ರತಿಯೊಂದು ಕೋಶವೂ, ಗಾತ್ರದಲ್ಲಿ ಕಿರಿದಾದರೂ, ಪೂರ್ಣಾಂಗವಾದ ಮರಿಯಾಗಿ ಬೆಳೆಯಿತು! ಇದನ್ನು ವಿವರಿಸಲು ಡ್ರೀಶ್ ಭೌತಾತೀತ ಜೀವತತ್ತ್ವವೊಂದನ್ನು ಕಲ್ಪಿಸಿದರು. ಮುಂದಿನ ವಿಜ್ಞಾನ ಅದನ್ನು ಒಪ್ಪಲಿಲ್ಲ. ಕೋಶಗಳು ಪರಸ್ಪರ ಕಳುಹುವ ರಾಸಾಯನಿಕ ಸಂಜ್ಞೆಗಳಿಗೆ ಅನುಸಾರವಾಗಿ ತಮ್ಮ ಕಾರ್ಯವನ್ನು ಹೊಂದಿಸಿಕೊಳ್ಳುತ್ತವೆಂಬುದು ಈಗ ತಿಳಿದ ಸಂಗತಿ. ಅಂದರೆ ಇಡಿಯು ಸತ್ಯವೇ. ಆದರೆ ಅದು ಬಿಡಿಗಳ ಪರಸ್ಪರ ಸಂಬಂಧದಲ್ಲಿದೆ, ಅವುಗಳಾಚೆ ಎಲ್ಲಿಯೋ ಇಲ್ಲ.

ಈ ದೃಷ್ಟಿಗೆ 'ಹೋಲಿಸಂ' ಎಂಬ ಹೆಸರನ್ನಿತ್ತವರು ವಿಜ್ಞಾನಿಯಲ್ಲ, ದಕ್ಷಿಣ ಆಫ್ರಿಕದ ರಾಜಕಾರಣಿ ಯಾನ್ ಸ್ಮಟ್ಸ್. ಗಾಂಧೀಜಿಯವರ ಸತ್ಯಾಗ್ರಹಕ್ಕೆ ಎದುರಾಗಿದ್ದ ಅದೇ ಸ್ಮಟ್ಸ್. 1926ರ ತಮ್ಮ ಗ್ರಂಥದಲ್ಲಿ ಅವರು ಜಡದಿಂದ ಜೀವಕ್ಕೆ, ಜೀವದಿಂದ ಮನಸ್ಸಿಗೆ, ಮನಸ್ಸಿನಿಂದ ವ್ಯಕ್ತಿತ್ವಕ್ಕೆ ಏರುವ ಸೋಪಾನವನ್ನು ಚಿತ್ರಿಸಿದರು. ವಿಶ್ವವನ್ನೆಲ್ಲ ಒಂದಾಗಿ ಕಂಡ ಇವರೇ 1929ರಲ್ಲಿ ಆಕ್ಸ್‌ಫರ್ಡಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಆಫ್ರಿಕದ ಕರಿಯರನ್ನು ಶಿಶುಸ್ವಭಾವದವರೆಂದು ಬಣ್ಣಿಸಿ, ಅವರಿಗೆ ಪ್ರತ್ಯೇಕ ವ್ಯವಸ್ಥೆಯೇ ತಕ್ಕುದೆಂದು ವಾದಿಸಿದರು. ಇದನ್ನು ತತ್ತ್ವಕ್ಕೂ ನಡೆಗೂ ಇರುವ ಅಂತರವೆಂದಷ್ಟೇ ಹೇಳಿ ಬಿಡುವುದು ಸಾಲದು. ಏಣಿಯನ್ನು ನಿರ್ಮಿಸಿದವನು ಯಾರನ್ನಾದರೂ ಕೆಳಮೆಟ್ಟಿಲಿನಲ್ಲಿ ನಿಲ್ಲಿಸಲೇಬೇಕು.

ನಮಗೂ ಇದು ಹೊಸದಲ್ಲ. ಪುರುಷಸೂಕ್ತದಲ್ಲಿ ಸಮಾಜವು ಒಂದೇ ದೇಹ. ಆದರೆ ಒಬ್ಬನು ಮುಖದಿಂದ, ಒಬ್ಬನು ಪಾದದಿಂದ. ಅಂಗ-ಲಿಂಗ ಸಾಮರಸ್ಯವನ್ನು ಸಾರಿದ 12ನೆಯ ಶತಮಾನದ ಶರಣರು ಐಕ್ಯವನ್ನು ಒಪ್ಪಿಯೂ ಈ ಮೇಲುಕೀಳನ್ನು ಒಪ್ಪಲಿಲ್ಲ. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಅಲ್ಲಿ ಯಾರ ಪಾದವೂ ಆಗಿರಲಿಲ್ಲ.

ಸ್ಮಟ್ಸರ ವಿಚಾರವನ್ನು ಸಸ್ಯಶಾಸ್ತ್ರಕ್ಕೆ ಅನ್ವಯಿಸಿದ ಜಾನ್ ಫಿಲಿಪ್ಸ್, ಸಸ್ಯಸಮುದಾಯವನ್ನು ಒಂದು ಜೀವಿಯೆಂದೇ ಭಾವಿಸಿದರು. ಇದನ್ನು ಖಂಡಿಸಿ 1935ರಲ್ಲಿ ಇಂಗ್ಲೆಂಡಿನ ಆರ್ಥರ್ ಟಾನ್ಸ್‌ಲಿ ಬರೆದ ಲೇಖನದಲ್ಲಿಯೇ 'ಇಕೋಸಿಸ್ಟಂ' ಎಂಬ ಪದ ಮೊದಲು ಕಾಣಿಸಿಕೊಂಡಿತು. ಗಿಡ, ಪ್ರಾಣಿ, ಮಣ್ಣು, ಹವೆ ಇವೆಲ್ಲವೂ ಅಲ್ಲಿ ಒಂದನ್ನೊಂದು ರೂಪಿಸುವ ಘಟಕಗಳು. ಒಡೆಯನೆಂಬವನು ಆ ವ್ಯವಸ್ಥೆಯಲ್ಲಿಲ್ಲ.