ಮುಟ್ಟದೆ ಎಣಿಸುವ ಎದೆಬಡಿತ

ಹುಟ್ಟಿದ ಕೂಸಿನ ಎದೆ ನಿಮಿಷಕ್ಕೆ ಸುಮಾರು 120ರಿಂದ 160 ಸಲ ಬಡಿಯುತ್ತದೆ. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆ ಇರಲಿ, ತಾಲ್ಲೂಕು ಆಸ್ಪತ್ರೆ ಇರಲಿ, ಹೆರಿಗೆ ಕೋಣೆಯ ಲೆಕ್ಕ ಸರಳ: ಸ್ಟೆತಾಸ್ಕೋಪ್ ಇಟ್ಟು 6 ಸೆಕೆಂಡು ಎಣಿಸಿ, 10ರಿಂದ ಗುಣಿಸುವುದು. 1953ರಲ್ಲಿ ವರ್ಜೀನಿಯಾ ಅಪ್ಗಾರ್ ಪ್ರಕಟಿಸಿದ ಐದಂಶದ ಪರೀಕ್ಷೆಯಲ್ಲೂ ಎದೆಬಡಿತಕ್ಕೇ ಮೊದಲ ಮಣೆ.

ತಿಂಗಳು ತುಂಬದೆ ಹುಟ್ಟಿದ ಕೂಸಿಗಾದರೆ ಹಗಲಿರುಳೂ ನಿಗಾ ಬೇಕು. ಎದೆಗೆ ಇಸಿಜಿಯ ಅಂಟುಪಟ್ಟಿ, ಪಾದಕ್ಕೆ ಆಮ್ಲಜನಕ ಅಳೆಯುವ ಪ್ರೋಬ್. ಆ ಕೂಸಿನ ಚರ್ಮದ ಹೊರಪದರ ಇನ್ನೂ ಬಲಿತಿರುವುದಿಲ್ಲ. ಪಟ್ಟಿ ಬಿಡಿಸುವಾಗ ಚರ್ಮವೂ ಕಿತ್ತು ಬರುವುದುಂಟು. ಕಿತ್ತ ಜಾಗ ಸೋಂಕಿಗೆ ಬಾಗಿಲು.

ಮುಟ್ಟದೆ ಅಳೆಯುವ ದಾರಿ ತೋರಿದ್ದು ರೇಡಾರ್. 1975ರಲ್ಲಿ ಅಮೆರಿಕದ ಜೇಮ್ಸ್ ಲಿನ್ ಮೈಕ್ರೋವೇವ್ ಅಲೆಗಳಿಂದ ಉಸಿರಾಟ ಅಳೆಯುವ ವಿಧಾನವನ್ನು ಪ್ರಕಟಿಸಿದರು. 2015ರ ನೇಪಾಳ ಭೂಕಂಪದಲ್ಲಿ ನಾಸಾದ 'ಫೈಂಡರ್' ರೇಡಾರ್ ಅವಶೇಷಗಳಡಿಯ ನಾಲ್ವರನ್ನು ಎದೆಬಡಿತದಿಂದಲೇ ಪತ್ತೆಹಚ್ಚಿತು. 2017ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಡೀ ಮಿಲಿಮೀಟರ್ ಅಲೆಯ ರೇಡಾರನ್ನು ಒಂದೇ ಚಿಪ್ಪಿನೊಳಗೆ ತಂದಿತು. ಆ ಕೆಲಸದಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲೂ ಇದೆ. ಕಾರಿಗೆಂದು ಬಂದ ಚಿಪ್ಪುಗಳೇ ಸಂಶೋಧಕರನ್ನು ತೊಟ್ಟಿಲ ಕಡೆಗೆ ಕರೆತಂದವು.

ಇಂಥ ರೇಡಾರು ಬಳಸುವ 60 ಗಿಗಾಹರ್ಟ್ಸ್ ಅಲೆಯ ಉದ್ದ 5 ಮಿಲಿಮೀಟರ್. ಎದೆಯ ಮೇಲ್ಮೈ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಅಲುಗಿದರೂ ಮರಳಿ ಬರುವ ಅಲೆಯ ಹಂತ (ಫೇಸ್) ಸುಮಾರು 14 ಡಿಗ್ರಿ ಸರಿಯುತ್ತದೆ. ಅಷ್ಟು ಸಾಕು, ಬಡಿತ ಕಾಣುತ್ತದೆ.

ತೊಡಕಿರುವುದು ಉಸಿರಿನಲ್ಲಿ. ಉಸಿರಿಗೆ ಎದೆ ಏರಿಳಿಯುವುದು ಬಡಿತಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೂಸು ನಿಮಿಷಕ್ಕೆ 45 ಸಲ ಉಸಿರಾಡಿದರೆ ಅದರ ಮೂರರಷ್ಟು ವೇಗದ ಹಾರ್ಮೋನಿಕ್ 135ಕ್ಕೆ ಬಂದು ಕೂರುತ್ತದೆ, ಅಂದರೆ ಎದೆಬಡಿತದ ಜಾಗದಲ್ಲೇ. ಕೈಕಾಲು ಬಡಿದರಂತೂ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದಲೇ ರೇಡಾರಿನ ಪ್ರತಿ ಅಂಕಿಯನ್ನೂ ಇಸಿಜಿಯ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕು.

ಇನ್ನೂ ಕಠಿಣ ಪರೀಕ್ಷೆ ಬೇರೆ ಇದೆ. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಅಪ್ಪಿಸಿಡುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಆರಂಭಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅಲ್ಲಿ ರೇಡಾರಿಗೆ ಕಾಣುವುದು ಎರಡು ಉಸಿರು, ಎರಡು ಹೃದಯ. ಅವುಗಳಲ್ಲಿ ಕೂಸಿನದನ್ನು ಬೇರ್ಪಡಿಸಿ ಎಣಿಸಬೇಕು. ಅಂಟುಪಟ್ಟಿಯಿಂದ ಬಿಡುಗಡೆ ಕೊಟ್ಟು, ಕೂಸನ್ನು ಮಾತ್ರ ತಾಯಿಯಿಂದ ದೂರ ಮಲಗಿಸಿ ಎನ್ನುವ ಉಪಕರಣ ನಮ್ಮ ಆಸ್ಪತ್ರೆಗಳಿಗೆ ಬೇಡ. ಮಡಿಲಲ್ಲೂ ಸರಿಯಾಗಿ ಎಣಿಸುವಂಥದ್ದೇ ಬೇಕು.