ನಿಮಗಿದು ಗೊತ್ತೆ? ಗಣಿಗೆ ಸಾಕ್ಷಿ ಹೇಳುವ ಹೊಲದ ನಕ್ಷೆ

ಇಂಗ್ಲೆಂಡಿನ ಡರಮ್ ಕೌಂಟಿಯಲ್ಲಿ ಬೇಸಾಯವೂ ಕಲ್ಲಿದ್ದಲ ಗಣಿಗಾರಿಕೆಯೂ ಅಕ್ಕಪಕ್ಕದಲ್ಲೇ ನಡೆಯುತ್ತಿದ್ದವು. 1850ರ ದಶಕದಲ್ಲಿ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ಆ ನೆಲವನ್ನು ಮೈಲಿಗೆ ಸುಮಾರು 25 ಅಂಗುಲದ ಅಳತೆಯಲ್ಲಿ ನಕ್ಷೆಗಿಳಿಸಿತು. ನಕ್ಷೆಯ ಒಂದು ಚದರ ಅಂಗುಲವೆಂದರೆ ನೆಲದ ಮೇಲೆ ಹೆಚ್ಚುಕಡಿಮೆ ಒಂದು ಎಕರೆ. ಪ್ರತಿ ಹೊಲಕ್ಕೂ ಒಂದು ನಂಬರು, ಒಂದು ವಿಸ್ತೀರ್ಣ. ಪಹಣಿ ನೋಡಿ ಬಲ್ಲವರಿಗೆ ಇದೇನು ಹೊಸದಲ್ಲ. ಈ ನಕ್ಷೆಗಳ ನಿಜವಾದ ಬೆಲೆ ಇರುವುದು ಹೊಲಗಳ ನಡುವೆ ‘ಹಳೆಯ ಶಾಫ್ಟ್’ (ಗಣಿಗೆ ಇಳಿಯುವ ಬಾವಿ) ಎಂದು ಗುರುತು ಹಾಕಿದ ಸಣ್ಣ ಚುಕ್ಕೆಗಳಲ್ಲಿ.

ನೆಲದಡಿಯ ಗಣಿಗೆ ಮೇಲ್ಮೈ ನಕ್ಷೆ ಹೇಗೆ ಸಾಕ್ಷಿಯಾದೀತು, ಗಣಿ ಕಂಪನಿಗಳ ನಕಾಶೆಗಳೇ ಇಲ್ಲವೆ ಎಂದು ಕೇಳಬಹುದು. ಆದರೆ ಕೈಬಿಟ್ಟ ಗಣಿಯ ನಕಾಶೆಯನ್ನು ಸರ್ಕಾರಕ್ಕೆ ಒಪ್ಪಿಸಲೇಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1872ರಲ್ಲಿ. ಅದಕ್ಕೂ ಮೊದಲೇ ಮುಚ್ಚಿದ ಎಷ್ಟೋ ಗಣಿಗಳಿಗೆ ನಕಾಶೆಯೇ ಉಳಿದಿಲ್ಲ. ಅಂಥಲ್ಲಿ ಈ ಚುಕ್ಕೆಯೇ ದಾಖಲೆ. ಸರ್ವೆಯವರು ಕಣ್ಣಿಗೆ ಬಿದ್ದದ್ದನ್ನು ಮಾತ್ರ ಬರೆದರು, ರೈತ ಮುಚ್ಚಿ ಉತ್ತ ಶಾಫ್ಟ್ ತಪ್ಪಿಹೋಗಿರಬಹುದು ಎಂಬ ಆಕ್ಷೇಪ ಸರಿಯಾದದ್ದೇ. ಹಾಗಾಗಿ ಚುಕ್ಕೆ ಇಲ್ಲವೆಂದರೆ ಗಣಿ ಇರಲಿಲ್ಲ ಎನ್ನಲಾಗದು. ಚುಕ್ಕೆ ಇದ್ದರೆ ಮಾತ್ರ ಅದನ್ನು ಕಡೆಗಣಿಸುವಂತಿಲ್ಲ. ಗುರುತಿಲ್ಲದ ಕಡೆಯೂ, ಕಲ್ಲಿದ್ದಲು ಬಂಡಿಗಳ ಹಳಿದಾರಿಯೊಂದು ಖಾಲಿ ಹೊಲಕ್ಕೆ ಬಂದು ಸುಮ್ಮನೆ ನಿಂತುಬಿಟ್ಟಿದ್ದರೆ ಅನುಮಾನಕ್ಕೆ ಅಷ್ಟು ಸಾಕು. ಅಂಥ ಜಾಗದಲ್ಲಿ ಮನೆ ಕಟ್ಟುವ ಮುನ್ನ ಎಂಜಿನಿಯರುಗಳು ಇಂದಿಗೂ ಈ ಹಾಳೆಗಳನ್ನು ಬಿಚ್ಚಿ ನೋಡುತ್ತಾರೆ.